ನಮ್ಮೂರ ಹಾಡುಗಾರ್ತಿ ಅಜ್ಜಿಗೆ ಗೌರವ ಡಾಕ್ಟರೇಟ್: ಹೆಸರು ಸೂಚಿಸುವುದು ಹೇಗೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಸಣ್ಣ ಊರು. ಇಲ್ಲಿ 76 ವರ್ಷದ ಅಜ್ಜಿಯೊಬ್ಬರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೀಸುವ ಪದ, ಸೋಬಾನೆ, ಜೋಗುಳ, ಗುಳ್ಳವ್ವನ ಹಾಡು ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಹಾಡು ಅವರಿಗೆ ಬಾಯಿಪಾಠ. ಅವರಿಗೆ ಗೌರವ ಡಾಕ್ಟರೇಟ್ ಸಿಗಬೇಕೆಂಬುದು ನಮ್ಮ ಯುವಕ ಸಂಘದ ಆಸೆ. ಒಬ್ಬರು ಫೋನ್ ಮಾಡಿ, ‘45 ಸಾವಿರ ಕೊಡಿ, ವಿದೇಶಿ ವಿಶ್ವವಿದ್ಯಾಲಯದ ಡಾಕ್ಟರೇಟ್ ಕೊಡಿಸುತ್ತೇವೆ, ಬೆಂಗಳೂರಿನ ಹೋಟೆಲಿನಲ್ಲಿ ಕಾರ್ಯಕ್ರಮ, ಗೌನು ಟೋಪಿ ಎಲ್ಲ ನಮ್ಮದೇ’ ಎಂದಿದ್ದಾರೆ. ಊರ ಹಿರಿಯರು ‘ಶಾಸಕರ ಪತ್ರ ಇಲ್ಲದೆ ಏನೂ ಆಗುವುದಿಲ್ಲ’ ಎನ್ನುತ್ತಾರೆ. ಓದು ಬರಹ ಇಲ್ಲದವರಿಗೆ ಕೊಡುತ್ತಾರೆಯೇ? ಅರ್ಜಿ ಯಾರಿಗೆ, ಯಾವ ದಾಖಲೆ ಬೇಕು? ಅಜ್ಜಿಗೆ ಮೊದಲೇ ಹೇಳಬೇಕೆ? ಸಿಕ್ಕರೆ ಹೆಸರಿನ ಮುಂದೆ ‘ಡಾ.’ ಹಾಕಬಹುದೆ? ಪಿಂಚಣಿಯೇನಾದರೂ ಬರುತ್ತದೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕ ಕಾಣುತ್ತವೆ. ಓದಿಲ್ಲದ ಅಜ್ಜಿಯನ್ನು ವಿಶ್ವವಿದ್ಯಾಲಯ ಲೆಕ್ಕಕ್ಕೇ ತೆಗೆದುಕೊಳ್ಳದೆ ಹೋದೀತೇ ಎಂಬುದು ಒಂದು, ದುಡ್ಡು ಅಥವಾ ವಶೀಲಿ ಇಲ್ಲದೆ ಕಡತ ಮುಂದೆ ಸರಿಯುವುದಿಲ್ಲವೇನೋ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಚಿಂತೆ ಬೇಡ. ಗೌರವ ಪದವಿಗೆ ವಿದ್ಯಾರ್ಹತೆಯ ಷರತ್ತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರಿಗೆ ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಪದ್ಮಶ್ರೀ ಬಂದದ್ದು ಅದಾದ ನಾಲ್ಕು ವರ್ಷಕ್ಕೆ, 2018ರಲ್ಲಿ. ಸಾಲುಮರದ ತಿಮ್ಮಕ್ಕ ಅವರಿಗೆ 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಗೌರವ ಪದವಿಯಾದ ನಾಡೋಜ, 2020ರಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಸಂದಿವೆ. ಇವರಿಬ್ಬರಲ್ಲಿ ಒಂದು ಸಮಾನ ಅಂಶ ಇದೆ, ಅದನ್ನು ಗಮನಿಸಿ. ಇಬ್ಬರ ಕೆಲಸವೂ ಎಣಿಕೆಗೆ ಸಿಗುವಂಥದ್ದು. ನರಸಮ್ಮ ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ತಿಮ್ಮಕ್ಕನವರ ಆಲದ ಮರಗಳು ಹುಲಿಕಲ್–ಕುದೂರು ರಸ್ತೆಯಲ್ಲಿ ಹೋದವರಿಗೆಲ್ಲ ಕಾಣುತ್ತವೆ. ನಿಮ್ಮ ಅಜ್ಜಿಯ ಹಾಡು ಹಾಗಲ್ಲ, ಹಾಡಿ ಮುಗಿಸಿದ ಕೂಡಲೇ ಇಲ್ಲವಾಗುತ್ತದೆ. ಅದನ್ನು ಕೇಳದ ಸಮಿತಿಯ ಮುಂದೆ ಅದನ್ನು ಇರುವಂತೆ ಮಾಡುವುದೇ ನಿಮ್ಮ ಮುಖ್ಯ ಕೆಲಸ. ಉಳಿದದ್ದೆಲ್ಲ ಕಾಗದ ಪತ್ರದ ವ್ಯವಹಾರ.

ಇನ್ನು ಆ 45 ಸಾವಿರದ ಮಾತು. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ನಮ್ಮ ದೇಶದಲ್ಲಿ ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ: ಕೇಂದ್ರ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ, ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟೇ. ಕಾಯ್ದೆ ಮೀರಿದವರಿಗೆ 24ನೇ ಕಲಂ ವಿಧಿಸುವ ದಂಡ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಈ ದಂಧೆ ಹೆದರಿಕೆಯಿಲ್ಲದೆ ನಡೆಯಲು ಇದೂ ಒಂದು ಕಾರಣ. ಇಂಥವರು ತೋರಿಸುವ ಕಾಗದಗಳು ಸಾಮಾನ್ಯವಾಗಿ ಇವು: ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ಐಎಸ್‌ಒ ಪ್ರಮಾಣಪತ್ರ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ಎನ್‌ಜಿಒ ದರ್ಪಣ್ ಪೋರ್ಟಲಿನ ಸಂಖ್ಯೆ. ಕೊನೆಯದನ್ನು ‘ನೀತಿ ಆಯೋಗದ ಮಾನ್ಯತೆ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿರುತ್ತಾರೆ. ಇವುಗಳಲ್ಲಿ ಯಾವುದೂ ಪದವಿ ಕೊಡುವ ಅಧಿಕಾರ ತಂದುಕೊಡುವುದಿಲ್ಲ. ‘ನಮ್ಮದು ವಿದೇಶದ್ದು, ಯುಜಿಸಿ ನಮಗೆ ಅನ್ವಯಿಸುವುದಿಲ್ಲ’ ಎಂದರೆ ಒಂದೇ ಪ್ರಶ್ನೆ ಕೇಳಿ: ಆ ದೇಶದಲ್ಲಿ ನಿಮ್ಮ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಕೊಟ್ಟವರು ಯಾರು, ಅಲ್ಲಿ ಎಷ್ಟು ಜನ ವಿದ್ಯಾರ್ಥಿಗಳು ಓದುತ್ತಿದ್ದಾರೆ? ನಿಜವಾದ ವಿಶ್ವವಿದ್ಯಾಲಯ ತನ್ನ ಘಟಿಕೋತ್ಸವದಲ್ಲಿ, ತನ್ನ ಕುಲಪತಿಯ (ವೈಸ್ ಚಾನ್ಸಲರ್) ಸಮ್ಮುಖದಲ್ಲಿ ಪದವಿ ಕೊಡುತ್ತದೆ, ಬಾಡಿಗೆ ಸಭಾಂಗಣದಲ್ಲಿ ರಸೀದಿ ಹರಿದು ಕೊಡುವುದಿಲ್ಲ. ಯುಜಿಸಿಯ ಜಾಲತಾಣದಲ್ಲಿ ಕೇಂದ್ರ, ರಾಜ್ಯ, ಡೀಮ್ಡ್, ಖಾಸಗಿ ವಿಶ್ವವಿದ್ಯಾಲಯಗಳ ಪಟ್ಟಿಗಳಿವೆ, ನಕಲಿಗಳ ಪಟ್ಟಿಯೂ ಇದೆ. ನಕಲಿ ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅಸಲಿ ಎಂದುಕೊಳ್ಳಬೇಡಿ, ಮಾನ್ಯ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ. ಮುಂಗಡವೆಂದು ಆನ್‌ಲೈನಿನಲ್ಲಿ ಹಣ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಠಾಣೆಯಲ್ಲಿ ದೂರು ಕೊಡಿ.

ಹಣ ಹೋಗುವುದಷ್ಟೇ ಅಲ್ಲ, ಇನ್ನೊಂದು ನಷ್ಟವೂ ಇದೆ. ಕೊಂಡ ಡಾಕ್ಟರೇಟ್ ಪರಿಚಯ ಪತ್ರದಲ್ಲಿ ಸೇರಿಕೊಂಡರೆ ಮುಂದೆ ಅಸಲಿ ವಿಶ್ವವಿದ್ಯಾಲಯದ ಸಮಿತಿ ಇಡೀ ಕಡತವನ್ನೇ ಅನುಮಾನದಿಂದ ನೋಡುತ್ತದೆ. ಅಜ್ಜಿಯ ತಪ್ಪೇನೂ ಇಲ್ಲದೆ ಅವರ ಹೆಸರಿಗೆ ಕಪ್ಪು ಚುಕ್ಕೆ ಬೀಳುತ್ತದೆ.

ಈಗ ಸರಿಯಾದ ದಾರಿ. ರಾಜ್ಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೂಚನೆಗಳು ಮೊದಲು ಕುಲಪತಿಗಳ ಕಚೇರಿಗೆ ಅಥವಾ ಕುಲಸಚಿವರಿಗೆ (ರಿಜಿಸ್ಟ್ರಾರ್) ಬರುತ್ತವೆ, ಒಂದು ಸಮಿತಿ ಅವುಗಳನ್ನು ಸೋಸುತ್ತದೆ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ನಿರ್ಣಯ ಮಾಡುತ್ತದೆ, ಆಮೇಲೆ ಹೆಸರುಗಳು ಕುಲಾಧಿಪತಿಗಳಾದ ರಾಜ್ಯಪಾಲರ ಒಪ್ಪಿಗೆಗೆ ಹೋಗುತ್ತವೆ. ಕೇಂದ್ರೀಯ ವಿಶ್ವವಿದ್ಯಾಲಯದ ದಾರಿ ಬೇರೆ: ಅಕಾಡೆಮಿಕ್ ಕೌನ್ಸಿಲ್ ಶಿಫಾರಸು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗದ ಬಹುಮತದಿಂದ ಕಾರ್ಯಕಾರಿ ಮಂಡಳಿಯ ನಿರ್ಣಯ, ಕೊನೆಗೆ ವಿಸಿಟರ್ ಆದ ರಾಷ್ಟ್ರಪತಿಗಳ ಮುಂದೆ ಪ್ರಸ್ತಾವ. ಖಾಸಗಿ ವಿಶ್ವವಿದ್ಯಾಲಯಗಳಿಗೆ ಅವುಗಳದೇ ಕಾಯ್ದೆಗಳಿವೆ, ಅವು ಕೊಡುವ ಗೌರವ ಪದವಿಯೂ ಕಾನೂನುಬದ್ಧವೇ. ಎಲ್ಲೇ ಆದರೂ ಹೆಸರು ಸೂಚಿಸಿದ್ದಕ್ಕೆ ದೇಣಿಗೆ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹೀಗೆ ಒಂದೊಂದೇ ಮೆಟ್ಟಿಲು ದಾಟಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಘಟಿಕೋತ್ಸವಕ್ಕೆ ಒಂದು ತಿಂಗಳಿರುವಾಗ ಕಳಿಸಿದ ಕಡತವನ್ನು ಯಾರೂ ತೆರೆಯುವುದಿಲ್ಲ, ಅಷ್ಟೊತ್ತಿಗೆ ಹೆಸರುಗಳು ರಾಜಭವನ ತಲುಪಿರುತ್ತವೆ. ಕಳೆದ ಎರಡು ಮೂರು ವರ್ಷ ಘಟಿಕೋತ್ಸವ ಯಾವ ತಿಂಗಳಲ್ಲಿ ನಡೆದಿದೆ ನೋಡಿ, ಅದಕ್ಕೆ ಆರರಿಂದ ಎಂಟು ತಿಂಗಳು ಮೊದಲೇ ಕಡತ ಸೇರಿಸಿ. ಆ ವರ್ಷ ವಿಶ್ವವಿದ್ಯಾಲಯ ಪ್ರಕಟಣೆ ಹೊರಡಿಸಿ ನಮೂನೆ ಕೊಟ್ಟಿದ್ದರೆ ಅದನ್ನೇ ತುಂಬಬೇಕು. ನಮೂನೆ ಇಲ್ಲದಿದ್ದರೆ ಕುಲಪತಿಗಳಿಗೆ ಪತ್ರ ಬರೆದು ಆಡಳಿತ ವಿಭಾಗದ ಕುಲಸಚಿವರಿಗೆ ಪ್ರತಿ ಕೊಡಿ. ಅಂಚೆಗಿಂತ ಖುದ್ದಾಗಿ ಹೋಗಿ, ಬಂದ ಪತ್ರಗಳನ್ನು ದಾಖಲಿಸುವ ಆವಕ ವಿಭಾಗದಲ್ಲಿ ಕೊಡುವುದು ಒಳ್ಳೆಯದು. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಮುಂದೆ ವಿಚಾರಿಸಲು ಆ ಸಂಖ್ಯೆ ಬಿಟ್ಟರೆ ಬೇರೆ ಹಿಡಿಕೆ ನಿಮಗಿರುವುದಿಲ್ಲ.

ಯಾವ ವಿಶ್ವವಿದ್ಯಾಲಯ? ನಿಮ್ಮ ಜಿಲ್ಲೆಯಲ್ಲೇ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹತ್ತಿರದ್ದು. ಹಂಪಿ ಕನ್ನಡ ವಿಶ್ವವಿದ್ಯಾಲಯದ್ದು ನಾಡೋಜ, ಅದನ್ನು ನುಡಿಹಬ್ಬ ಎಂದು ಕರೆಯುವ ಅಲ್ಲಿನ ಘಟಿಕೋತ್ಸವದಲ್ಲಿ ಕೊಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಜಾನಪದ ವಿಶ್ವವಿದ್ಯಾಲಯದಿಂದ ಶುರುಮಾಡಿ. ಹಾಡಿನ ಬೆಲೆ ತಿಳಿದ ಅಧ್ಯಾಪಕರು ಅಲ್ಲಿರುತ್ತಾರೆ, ಬೇಕೆಂದರೆ ಅವರೇ ಊರಿಗೆ ಬಂದು ಕೇಳಿಹೋಗುವಷ್ಟು ಹತ್ತಿರ. ಒಂದೇ ವರ್ಷ ನಾಲ್ಕು ಕಡೆ ಒಂದೇ ಜೆರಾಕ್ಸ್ ಕಳಿಸುವುದು ಬೇಡ. ‘ನಮ್ಮ ವಿಶ್ವವಿದ್ಯಾಲಯವೇ ಏಕೆ’ ಎಂಬುದಕ್ಕೆ ಉತ್ತರವಿಲ್ಲದ ಕಡತ ಎಲ್ಲ ಕಡೆಯೂ ಬದಿಗೆ ಸರಿಯುತ್ತದೆ.

ಇನ್ನು ಕಡತ. ಹೆಚ್ಚು ಜನ ಎಡವುವುದು ಇಲ್ಲೇ. ಸನ್ಮಾನದ ಫೋಟೊ, ಶಾಲು ಹಾರ, ಆಮಂತ್ರಣ ಪತ್ರಿಕೆ, ಪತ್ರಿಕಾ ತುಣುಕು ಎಲ್ಲ ಸೇರಿ 150 ಪುಟದ ಸ್ಪೈರಲ್ ಬೈಂಡಿಂಗ್ ಆಗಿರುತ್ತದೆ. ಅಷ್ಟು ಪುಟ ತಿರುವಿದರೂ ಈ ವ್ಯಕ್ತಿ ಮಾಡಿದ ಕೆಲಸ ಏನು ಎಂಬುದು ಸಿಗುವುದಿಲ್ಲ. ಸಮಿತಿಯ ಮುಂದೆ ಹತ್ತಾರು ಹೆಸರು ಇರುತ್ತವೆ, ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಒಟ್ಟು 20 ಪುಟ ದಾಟಿಸಬೇಡಿ: ಒಂದು ಪುಟದ ಪತ್ರ, ಎರಡು ಪುಟದ ಸಾಧನೆಯ ಟಿಪ್ಪಣಿ, ಒಂದು ಪುಟದ ಪರಿಚಯ, ಮೂರು ಸಮರ್ಥನಾ ಪತ್ರ, ಉಳಿದದ್ದು ಆಧಾರ.

ಸಾಧನೆಯ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಹೀಗೆ ಬರೆದಿರುತ್ತಾರೆ: ‘ಇವರು ನಾಡು ಕಂಡ ಅಪ್ರತಿಮ ಜಾನಪದ ಕೋಗಿಲೆ, ಹಾಡುಗಳ ಗಣಿ, ಸರಳ ಸಜ್ಜನಿಕೆಯ ಸಾಕಾರ ಮೂರ್ತಿ.’ ಇದರಲ್ಲಿ ತಾಳೆ ನೋಡಲು ಏನೂ ಇಲ್ಲ, ಹೆಸರು ಬದಲಿಸಿದರೆ ಯಾರಿಗೂ ಒಪ್ಪುತ್ತದೆ. ಹೀಗೆ ಬರೆಯಿರಿ: ‘ಇವರು ಹಾಡಿದ 300 ಹಾಡುಗಳನ್ನು ಧ್ವನಿಮುದ್ರಿಸಿ ಪಟ್ಟಿ ಮಾಡಿದ್ದೇವೆ, ಪಟ್ಟಿ ಅನುಬಂಧ 1ರಲ್ಲಿದೆ. ಇವುಗಳಲ್ಲಿ ಬೀಸುವ ಪದ ಇಷ್ಟು, ಸೋಬಾನೆ ಇಷ್ಟು. ಬಹುಪಾಲು ತಾಯಿಯಿಂದ ಮತ್ತು ಸೋದರತ್ತೆಯಿಂದ ಕಲಿತದ್ದು. ಮುದ್ರಿತ ಸಂಗ್ರಹಗಳಲ್ಲಿ ಕಾಣದ ಹಾಡುಗಳನ್ನು ವಿದ್ವಾಂಸರೊಬ್ಬರು ಗುರುತಿಸಿದ್ದಾರೆ, ಅವರ ಪತ್ರ ಅನುಬಂಧ 3. ಇವರಿಂದ ಕಲಿತು ಹಾಡುತ್ತಿರುವವರ ಹೆಸರು, ಊರು ಅನುಬಂಧ 4.’ ನಿಮ್ಮ ನಿಜವಾದ ಎಣಿಕೆ 180 ಆದರೆ 180 ಎಂದೇ ಬರೆಯಿರಿ. ಪಟ್ಟಿಯಿರುವ 180ಕ್ಕೆ ಇರುವ ತೂಕ ಪಟ್ಟಿಯಿಲ್ಲದ ‘ಸಾವಿರಾರು’ ಪದಕ್ಕಿಲ್ಲ.

ಈ ಪಟ್ಟಿ ಆಗಬೇಕೆಂದರೆ ಧ್ವನಿಮುದ್ರಣ ಮೊದಲು ಆಗಬೇಕು. ಮೊಬೈಲ್ ಸಾಕು, ಆದರೆ ದನಿಯನ್ನು ಕುಗ್ಗಿಸದ ಡಬ್ಲ್ಯುಎವಿ (WAV) ರೂಪದಲ್ಲಿ ಉಳಿಸುವ ರೆಕಾರ್ಡರ್ ಆ್ಯಪ್ ಬಳಸಿ, 48 ಕಿಲೊಹರ್ಟ್ಸ್, 24 ಬಿಟ್, ಮೊನೊ ಇಟ್ಟುಕೊಳ್ಳಿ. ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ತಲಾ ನಾಲ್ಕು ನಿಮಿಷದ 300 ಹಾಡಿಗೆ 10 ಜಿಬಿಗಿಂತ ತುಸು ಹೆಚ್ಚು, 32 ಜಿಬಿಯ ಪೆನ್‌ಡ್ರೈವ್ ಧಾರಾಳ ಸಾಕು. ಹಾಡಿನ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಬೇಡಿ, ಅದು ಕುಗ್ಗಿಸುವಾಗ ದನಿಯ ಸೂಕ್ಷ್ಮಗಳು ಹೋಗುತ್ತವೆ. ಫ್ಯಾನು ನಿಲ್ಲಿಸಿ, ತಗಡಿನ ಮಾಡಿನ ಕೆಳಗೆ ಕೂರಬೇಡಿ, ಮೊಬೈಲು ಬಾಯಿಂದ ಒಂದು ಮೊಳ ದೂರ ಇರಲಿ. 76ರ ವಯಸ್ಸಿನ ದನಿ ಬೆಳಿಗ್ಗೆ ಚೆನ್ನಾಗಿರುತ್ತದೆ, ಒಂದು ಸಲಕ್ಕೆ ಅರ್ಧ ಗಂಟೆ ಮೀರಬೇಡಿ. ಪ್ರತಿ ಫೈಲಿನ ಆರಂಭದಲ್ಲಿ ದಿನಾಂಕ, ಊರು, ಹಾಡುವವರ ಹೆಸರನ್ನು ನೀವೇ ಬಾಯಲ್ಲಿ ಹೇಳಿ. ಬೀಸುವ ಪದಗಳನ್ನು ಎರಡು ಸಲ ಹಿಡಿಯಬೇಕು. ಕಲ್ಲು ತಿರುಗಿಸುತ್ತಾ ಹಾಡಿದ್ದು ಒಂದು, ಸುಮ್ಮನೆ ಕೂತು ಹಾಡಿದ್ದು ಇನ್ನೊಂದು. ಸಾಲು ಎಳೆಯುವ ರೀತಿ ತಿಳಿಯುವುದು ಕಲ್ಲಿನ ಜತೆ ಹಾಡಿದಾಗ, ಮಾತು ಸ್ಪಷ್ಟವಾಗಿ ಕೇಳುವುದು ಎರಡನೆಯದರಲ್ಲಿ.

ಒಂದು ನೋಟ್‌ಬುಕ್ಕಿನಲ್ಲಿ ಕಾಲಂ ಹಾಕಿ: ಕ್ರಮಸಂಖ್ಯೆ, ಹಾಡಿನ ಮೊದಲ ಸಾಲು, ಬಗೆ, ಯಾವಾಗ ಹಾಡುವುದು, ಯಾರಿಂದ ಕಲಿತದ್ದು, ಎಷ್ಟು ನಿಮಿಷ, ಫೈಲಿನ ಸಂಖ್ಯೆ. ಐದು ಹಾಡನ್ನು ಪೂರ್ತಿ ಬರೆದು ಕಡತದಲ್ಲಿ ಸೇರಿಸಿ. ಬರೆಯುವಾಗ ಅಜ್ಜಿಯ ಬಾಯಲ್ಲಿ ಬಂದ ಹಾಗೇ ಬರೆಯಿರಿ. ಪುಸ್ತಕದ ಭಾಷೆಗೆ ತಿದ್ದಿದರೆ ಜಾನಪದ ಬಲ್ಲವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಉಳಿದದ್ದರ ಮೇಲೂ ನಂಬಿಕೆ ಹೋಗುತ್ತದೆ. ಅವರ ಒಪ್ಪಿಗೆಯಿಲ್ಲದೆ ಈ ಹಾಡುಗಳನ್ನು ಯೂಟ್ಯೂಬಿಗೆ ಹಾಕಬೇಡಿ.

ಹೆಸರು ಮತ್ತು ಹುಟ್ಟಿದ ದಿನಾಂಕದ ತೊಡಕು ಹಳ್ಳಿಯ ಹಿರಿಯರಲ್ಲಿ ಇದ್ದದ್ದೇ. ಆಧಾರ್‌ನಲ್ಲಿ ‘ಬಸಮ್ಮ’, ರೇಷನ್ ಕಾರ್ಡಿನಲ್ಲಿ ‘ಬಸವ್ವ’, ಪತ್ರಿಕೆಯಲ್ಲಿ ‘ಬಸವಮ್ಮ’ ಎಂದಿರುತ್ತದೆ. ಜನ್ಮದಿನ ಗೊತ್ತಿಲ್ಲದವರಿಗೆ ಆಧಾರ್‌ನಲ್ಲಿ ಜನವರಿ 1 ಎಂದು ಹಾಕಿರುವುದು ಸಾಮಾನ್ಯ. ಆಧಾರ್‌ನಲ್ಲಿ ಇರುವಂತೆಯೇ ಎಲ್ಲ ಕಡೆ ಒಂದೇ ರೀತಿ ಬರೆಯಿರಿ, ಊರವರು ಕರೆಯುವ ಹೆಸರನ್ನು ‘ಎಂದೇ ಪರಿಚಿತರು’ ಎಂದು ಒಮ್ಮೆ ಸೇರಿಸಿದರೆ ಸಾಕು. ನೀವು ಬರೆದ ಹೆಸರೇ ಮುಂದೆ ಪದವಿ ಪತ್ರದಲ್ಲಿ ಅಚ್ಚಾಗುವ ಸಾಧ್ಯತೆ ಹೆಚ್ಚು, ಆಮೇಲೆ ತಿದ್ದಿಸುವುದು ಸಣ್ಣ ಓಡಾಟವಲ್ಲ. ಜಮೀನಿನ ತಕರಾರು ಮುಂತಾದ ಕೋರ್ಟ್ ವ್ಯಾಜ್ಯದಲ್ಲಿ ಅವರ ಹೆಸರಿದ್ದರೆ ಮುಚ್ಚಿಡಬೇಡಿ. ಸಿವಿಲ್ ವ್ಯಾಜ್ಯ ಇದೆ ಎಂದು ಮೊದಲೇ ತಿಳಿಸಿದರೆ ತೊಂದರೆ ಕಡಿಮೆ, ಕೊನೇ ಗಳಿಗೆಯಲ್ಲಿ ಯಾರೋ ಮೂಗರ್ಜಿ ಬರೆದರೆ ಅದೇ ದೊಡ್ಡದಾಗುತ್ತದೆ.

ಶಾಸಕರ ಪತ್ರ ಕಡ್ಡಾಯವಲ್ಲ. ಒಂದು ಪತ್ರ ಇದ್ದರೆ ಹಾನಿಯೂ ಇಲ್ಲ, ಆದರೆ ಐದು ಜನ ರಾಜಕಾರಣಿಗಳ ಲೆಟರ್‌ಹೆಡ್ ಒಂದೇ ಒಕ್ಕಣೆಯಲ್ಲಿ ಬಂದರೆ ಸಮಿತಿಗೆ ಅದು ಒತ್ತಡವಾಗಿ ಕಾಣುತ್ತದೆ. ಮೂರೇ ಪತ್ರ ಇರಲಿ, ಮೂರೂ ಬೇರೆ ಬೇರೆ ವಿಷಯ ಹೇಳಲಿ. ಜಾನಪದ ಕಲಿಸುವ ಅಧ್ಯಾಪಕರೊಬ್ಬರು ಹಾಡುಗಳ ಮಹತ್ವದ ಬಗ್ಗೆ ಬರೆಯಲಿ. ಅವರಿಗೆ ಧ್ವನಿಮುದ್ರಣ ಕೊಟ್ಟು ಕನಿಷ್ಠ ಒಂದು ತಿಂಗಳು ಸಮಯ ಕೊಡಿ. ಅಜ್ಜಿಯಿಂದ ಕಲಿತವರೊಬ್ಬರು ಏನು ಕಲಿತೆ, ಈಗ ಎಲ್ಲಿ ಹಾಡುತ್ತಿದ್ದೇನೆ ಎಂದು ಬರೆಯಲಿ. ಮೂರನೆಯದು ನಿಮ್ಮ ಜಿಲ್ಲೆಯ ಹೊರಗಿನವರದ್ದಾದರೆ ಚೆನ್ನ. ಮಕ್ಕಳು, ಅಳಿಯಂದಿರು, ನೆಂಟರು ಬರೆಯುವುದು ಬೇಡ. ನೀವೇ ಒಕ್ಕಣೆ ಬರೆದು ಸಹಿ ಹಾಕಿಸುವುದೂ ಬೇಡ, ಮೂರು ಪತ್ರದಲ್ಲಿ ಅದೇ ಅಕ್ಷರದೋಷ ಕಂಡರೆ ಮುಗಿಯಿತು.

ಅಜ್ಜಿಗೆ ಹೇಳಬೇಕೆ? ಹೇಳಲೇಬೇಕು. ಬೇರೆ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಆ ವ್ಯಕ್ತಿಗೆ ಗೊತ್ತಾಗದಂತೆ ಹೆಸರು ಸೂಚಿಸುವ ಪದ್ಧತಿ ಇದೆ. ಆದರೆ ನಿಮಗೆ ಅಜ್ಜಿಯ ಹಾಡು, ಆಧಾರ್, ಸಮಯ ಎಲ್ಲ ಬೇಕಾಗಿರುವುದರಿಂದ ಗುಟ್ಟು ಮಾಡಲು ಆಗುವುದೂ ಇಲ್ಲ. ಗೌರವ ಬೇಡ ಎನ್ನುವ ಹಕ್ಕೂ ಅವರಿಗಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟನ್ನು ರಾಹುಲ್ ದ್ರಾವಿಡ್ ವಿನಯದಿಂದ ನಿರಾಕರಿಸಿದರು, ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಪದವಿ ಪಡೆಯುವ ಇಚ್ಛೆ ಅವರದ್ದಾಗಿತ್ತು. ಅಜ್ಜಿಗೆ ‘ಹೆಸರು ಕಳಿಸುತ್ತಿದ್ದೇವೆ, ಬಂದರೂ ಬರಬಹುದು, ಬರದೆಯೂ ಇರಬಹುದು’ ಎಂದು ಬಿಡಿಸಿ ಹೇಳಿ, ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವಾಗ ಓದಿ ಹೇಳಿದವರ ಸಹಿಯೂ ಇರಲಿ. ಆದರೆ ಊರಿಗೆಲ್ಲ ಸಾರಬೇಡಿ. ರಾಜ್ಯಪಾಲರ ಒಪ್ಪಿಗೆ ಬರುವ ಮುಂಚೆ ‘ನಮ್ಮ ಅಜ್ಜಿಗೆ ಡಾಕ್ಟರೇಟ್’ ಎಂದು ಬ್ಯಾನರ್ ಕಟ್ಟಿ, ಕೊನೆಗೆ ಹೆಸರು ಇಲ್ಲದೆ ಹೋದರೆ ಅವಮಾನ ಆಗುವುದು ನಿಮಗಲ್ಲ, ಅವರಿಗೆ.

ಆಯ್ಕೆಯಾದರೆ ಘಟಿಕೋತ್ಸವದ ದಿನದ ವ್ಯವಸ್ಥೆ ಮೊದಲೇ ಕೇಳಿಕೊಳ್ಳಿ: ವೇದಿಕೆಗೆ ಎಷ್ಟು ಮೆಟ್ಟಿಲು, ಜತೆಗೆ ಒಬ್ಬರನ್ನು ಬಿಡುತ್ತಾರೆಯೇ, ಗಾಲಿಕುರ್ಚಿ ಸಿಗುತ್ತದೆಯೇ. ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಅಷ್ಟರೊಳಗೆ ಸನ್ಮಾನಿತರೇ ತೀರಿಕೊಂಡರೆ ಎಂಬ ಪ್ರಶ್ನೆಗೆ ಮೈಸೂರು ವಿಶ್ವವಿದ್ಯಾಲಯ 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಕೊಟ್ಟದ್ದು ಉದಾಹರಣೆ, ಆದರೆ ಅದು ಅಪರೂಪ, ಅದನ್ನು ನಂಬಿ ತಡ ಮಾಡಬೇಡಿ.

‘ಡಾ.’ ಬಗ್ಗೆ. ಸಂವಿಧಾನದ 18ನೇ ವಿಧಿ ಸರ್ಕಾರ ಬಿರುದು ಕೊಡುವುದನ್ನು ನಿಷೇಧಿಸಿದರೂ ಸೇನಾ ಮತ್ತು ಶೈಕ್ಷಣಿಕ ಗೌರವಗಳನ್ನು ಹೊರಗಿಟ್ಟಿದೆ. ಹಾಗಾಗಿ ಗೌರವ ಡಾಕ್ಟರೇಟ್ ಪಡೆಯುವುದಕ್ಕೆ ಅಡ್ಡಿಯಿಲ್ಲ. ಅದು ಪಿಎಚ್‌.ಡಿ.ಗೆ ಸಮವಲ್ಲ, ಅದರಿಂದ ಕೆಲಸವಾಗಲಿ ಬಡ್ತಿಯಾಗಲಿ ಕೇಳುವಂತಿಲ್ಲ. ನಮ್ಮಲ್ಲಿ ಪ್ರೀತಿಯಿಂದ ‘ಡಾ.’ ಸೇರಿಸಿ ಕರೆಯುವ ರೂಢಿ ಬಲವಾಗಿದೆ. ಬರವಣಿಗೆಯಲ್ಲಿ ಮಾತ್ರ ‘ಗೌರವ ಡಾಕ್ಟರೇಟ್ ಪುರಸ್ಕೃತರು’ ಎಂದು ಬರೆಯುವುದೇ ಸರಿ.

ಉತ್ತರವೇ ಬರದಿದ್ದರೆ ಘಟಿಕೋತ್ಸವ ಮುಗಿದ ಮೇಲೆ ಆವಕ ಸಂಖ್ಯೆ ನಮೂದಿಸಿ ಕುಲಸಚಿವರಿಗೆ ಪತ್ರ ಬರೆಯಿರಿ. ಮಾಹಿತಿ ಹಕ್ಕಿನಲ್ಲೂ ಕೇಳಬಹುದು: ಶುಲ್ಕ 10 ರೂಪಾಯಿ, ಕಾಲಮಿತಿ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ‘ಏಕೆ ಕೊಡಲಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ‘ನಮ್ಮ ಪ್ರಸ್ತಾವ ಸಮಿತಿಯ ಮುಂದೆ ಮಂಡನೆಯಾಯಿತೇ, ಯಾವ ದಿನಾಂಕದಂದು’ ಎಂದು ದಾಖಲೆ ಕೇಳಿ. ಮರುವರ್ಷ ಹೊಸ ಧ್ವನಿಮುದ್ರಣ, ಹೊಸ ಪತ್ರ ಸೇರಿಸಿ ಮತ್ತೆ ಕಳಿಸಬಹುದು.

ಪಿಂಚಣಿಯ ಪ್ರಶ್ನೆಯನ್ನು ಕೊನೆಗೆ ಕೇಳಿದ್ದೀರಿ, ಆದರೆ ನಾನಾದರೆ ಅದನ್ನೇ ಮೊದಲು ಮಾಡಿಸುತ್ತೇನೆ. ಗೌರವ ಡಾಕ್ಟರೇಟ್ ಜತೆ ಪಿಂಚಣಿಯೇನೂ ಬರುವುದಿಲ್ಲ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ, ಹಾವೇರಿಯ ಇಲಾಖೆ ಕಚೇರಿಯಲ್ಲಿ ಈ ವಾರವೇ ವಿಚಾರಿಸಿ. ಕರ್ನಾಟಕ ಜಾನಪದ ಅಕಾಡೆಮಿಯ ವಾರ್ಷಿಕ ಪ್ರಶಸ್ತಿಗೆ, ರಾಜ್ಯೋತ್ಸವ ಪ್ರಶಸ್ತಿಗೆ ಇದೇ ಕಡತ ಉಪಯೋಗಕ್ಕೆ ಬರುತ್ತದೆ. ಪದ್ಮ ಪ್ರಶಸ್ತಿಗೆ ರಾಷ್ಟ್ರೀಯ ಪುರಸ್ಕಾರ ಪೋರ್ಟಲಿನಲ್ಲಿ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಅಲ್ಲಿ ಸಾಧನೆಯ ವಿವರ 800 ಪದ ಮೀರುವಂತಿಲ್ಲ, ನಿಮ್ಮ ಎರಡು ಪುಟದ ಟಿಪ್ಪಣಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.